ಊರಿಗೆ ಹನ್ನೊಂದು ಡಿಗ್ರಿ

ಆ ಊರಿನಲ್ಲಿ ಚಳಿ ಊರಿಗೆ ಆಗುತ್ತಿತ್ತು, ಜನರಿಗಲ್ಲ.

ಯೂರೋಪಿನ ನಕ್ಷೆಯಲ್ಲಿ ಹುಡುಕಿದರೂ ಸಿಗದಷ್ಟು ಸಣ್ಣ ಊರು. ಒಂದು ನದಿ, ನದಿಗೊಂದು ದೋಣಿ, ದೋಣಿಗೊಬ್ಬ ಅಂಬಿಗ. ಒಂದು ಚೌಕ, ಚೌಕದ ನಡುವೆ ಒಂದು ಕಲ್ಲಿನ ಕಂಬ. ಕಂಬದ ಮೇಲೆ ಹನ್ನೆರಡು ತಿಂಗಳ ಹೆಸರು, ಒಂದೊಂದರ ಎದುರಿಗೆ ಒಂದೊಂದು ಅಂಕಿ. ಜನವರಿಗೆ ಸೊನ್ನೆಗಿಂತ ಎರಡು ಕಡಿಮೆ. ಜುಲೈಗೆ ಇಪ್ಪತ್ತು. ಏಪ್ರಿಲ್‌ಗೆ ಹನ್ನೊಂದು. ಹಿಂದಿನವರು ಬಹಳ ವರ್ಷ ಹವೆಯನ್ನು ಅಳೆದು, ಕೂಡಿಸಿ, ಭಾಗಿಸಿ, ಬಂದ ಸರಾಸರಿಯನ್ನು ಕಲ್ಲಿನಲ್ಲಿ ಕೊರೆಸಿದ್ದರು. ಕೊರೆಸಿದ ಮೇಲೆ ಅಳೆಯುವುದನ್ನು ಬಿಟ್ಟರು. ಕಲ್ಲಿನ ಮೇಲೆ ಬರೆದಿರುವುದನ್ನು ಮತ್ತೆ ಅಳೆಯುವುದು ಕಲ್ಲಿಗೆ ಅವಮಾನ.

ಕಂಬಕ್ಕೆ ಮುಂಚೆ ಆ ಊರಿನವರು ಕಿಟಕಿಗಾಗಿ ಹೊಡೆದಾಡುತ್ತಿದ್ದರಂತೆ. ಗಂಡ ಸೆಕೆ ಎಂದು ತೆರೆದ ಕಿಟಕಿಯನ್ನು ಹೆಂಡತಿ ಚಳಿ ಎಂದು ಮುಚ್ಚುತ್ತಿದ್ದಳು. ಚರ್ಚಿನಲ್ಲಿ ಬಲಗಡೆಯವರು ಬೆವರುವಾಗ ಎಡಗಡೆಯವರು ನಡುಗುತ್ತಿದ್ದರು. ಒಮ್ಮೆ ಒಂದು ಕಿಟಕಿಯ ಗಾಜಿನಿಂದ ಒಬ್ಬನ ಕತ್ತು ಕೊಯ್ದುಹೋಯಿತು. ಆಮೇಲೆ ಹಿರಿಯರು ಕೂತು ತೀರ್ಮಾನ ಮಾಡಿದರು: ಹವೆ ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಆ ಕಾಲಕ್ಕೆ ಅದು ಬುದ್ಧಿವಂತಿಕೆಯೇ. ಬುದ್ಧಿವಂತಿಕೆಯ ತೊಂದರೆ ಏನೆಂದರೆ ಅದನ್ನು ಕಲ್ಲಿನಲ್ಲಿ ಕೊರೆಯಲು ಬರುತ್ತದೆ.

ನಿಯಮ ಇಷ್ಟೇ. ಚಳಿ, ಸೆಕೆ ಎಂಬ ಮಾತುಗಳನ್ನು ಆಡುವಾಗ ‘ಊರಿಗೆ’ ಎನ್ನಬೇಕು, ‘ನನಗೆ’ ಎನ್ನಬಾರದು. ನನಗೆ ಹಸಿವು ಎನ್ನಬಹುದು. ನನಗೆ ನಿದ್ದೆ, ನನಗೆ ಕೋಪ, ನನಗೆ ಹಲ್ಲುನೋವು, ಎಲ್ಲಕ್ಕೂ ಅಡ್ಡಿಯಿಲ್ಲ. ಹಲ್ಲು ಅವರವರದು. ‘ನನಗೆ ಚಳಿ’ ಎಂದು ಬಾಯಿ ಜಾರಿದವರನ್ನು ಮಾತ್ರ ಸರಾಸರಿಯಿಂದ ಹೊರಗಿಡುತ್ತಿದ್ದರು. ಹೊರಗಾದವರನ್ನು ಯಾರೂ ಮಾತಾಡಿಸುವುದಿಲ್ಲ, ಎಣಿಸುವುದಿಲ್ಲ, ನೋಡುವುದೂ ಇಲ್ಲ. ಒಬ್ಬ ಮುದುಕ ಹಾಗೆ ಹೊರಗಾಗಿದ್ದ. ದಿನವೂ ಚೌಕದ ಬೆಂಚಿನ ಮೇಲೆ ಕೂತಿರುತ್ತಿದ್ದರೂ ಅವನು ಬದುಕಿದ್ದಾನೋ ಇಲ್ಲವೋ ಎಂಬುದು ಊರಿಗೆ ಗೊತ್ತಿರಲಿಲ್ಲ.

ಪ್ರತಿ ತಿಂಗಳ ಮೊದಲ ದಿನ ಗಂಟೆ ಹೊಡೆಯುತ್ತಿತ್ತು. ಜನ ಕಂಬದ ಸುತ್ತ ಸೇರುತ್ತಿದ್ದರು. ಕಂಬ ಓದುವವನು ಬರುತ್ತಿದ್ದ. ರಾಜಧಾನಿಯಲ್ಲಿ ಓದಿ ಬಂದ ಪಂಡಿತ ಅವನು. ಹನ್ನೆರಡು ಅಂಕಿ ಓದಲು ಅಷ್ಟು ದೂರ ಹೋಗಿ ಕಲಿತು ಬಂದಿದ್ದ. ಅವನು ಕಂಬಕ್ಕೆ ತಲೆಬಾಗಿ, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ:

“ಊರಿಗೆ ಏಪ್ರಿಲ್. ಊರಿಗೆ ಹನ್ನೊಂದು.”

ಜನ ಹೇಳುತ್ತಿದ್ದರು: “ಹಾಗೇ ಇದೆ.”

ಏಪ್ರಿಲ್ ಬಂತೆಂದರೆ ಉಣ್ಣೆಯ ಕೋಟುಗಳೆಲ್ಲ ಪುರಸಭೆಯ ಉಗ್ರಾಣಕ್ಕೆ ಹೋಗುತ್ತಿದ್ದವು. ಸೌದೆಯೂ ಹೋಗುತ್ತಿತ್ತು. ಪುರಸಭೆಯ ಅಧ್ಯಕ್ಷ ಮನೆಮನೆಗೆ ಬಂದು ಒಲೆಯ ಬಾಗಿಲಿಗೆ ಕೆಂಪು ಅರಗು ಸುರಿದು ತನ್ನ ಉಂಗುರ ಒತ್ತುತ್ತಿದ್ದ. ಇನ್ನು ಅಕ್ಟೋಬರ್‌ವರೆಗೆ ಆ ಒಲೆ ತಣ್ಣಗೆ. ಬೇಕರಿಯ ಒಲೆಗೆ ಮಾತ್ರ ಮುದ್ರೆ ಇರಲಿಲ್ಲ. ಆ ಬೆಂಕಿ ಹವೆಗೆ ಸೇರಿದ್ದಲ್ಲ, ಹೊಟ್ಟೆಗೆ ಸೇರಿದ್ದು ಎಂದು ಪಂಡಿತ ಬಹಳ ಹಿಂದೆಯೇ ವಿಂಗಡಿಸಿ ಕೊಟ್ಟಿದ್ದ.

ಆ ವರ್ಷ ಏಪ್ರಿಲ್‌ನಲ್ಲಿ ಹಿಮ ಬಿತ್ತು.

ಮರಗಳ ಚಿಗುರು ಒಂದೇ ಬೆಳಗಿಗೆ ಕಪ್ಪಾಯಿತು. ಬಾವಿಯ ಹಗ್ಗ ಕೋಲಿನಂತೆ ನಿಂತಿತು. ನದಿ ಹೆಪ್ಪುಗಟ್ಟಿತು. ಏಪ್ರಿಲ್‌ನಲ್ಲಿ ನದಿ ಹರಿಯುತ್ತದೆ, ದೋಣಿ ನಡೆಯುತ್ತದೆ. ಆದ್ದರಿಂದ ಅಂಬಿಗ ಮಂಜುಗಡ್ಡೆಯ ಮೇಲೆ ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಿದ್ದ. ಹುಟ್ಟು ಗಡ್ಡೆಯ ಮೇಲೆ ಕರಕರ ಎನ್ನುತ್ತಿತ್ತು, ದೋಣಿ ಇದ್ದಲ್ಲೇ ಇರುತ್ತಿತ್ತು. ಸಂಜೆ ಇಳಿದು ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದ. ಊರಿನಲ್ಲಿ ಬೆವರುತ್ತಿದ್ದವನು ಅವನೊಬ್ಬನೇ. ಬೇಕರಿಯವಳ ಗಂಡ ಹಿಟ್ಟು ತರಲು ಆಚೆ ದಡಕ್ಕೆ ಹೋದವನು ಮೂಟೆಗಳ ಪಕ್ಕದಲ್ಲಿ ನಿಂತು ದೋಣಿಗೆ ಕಾಯುತ್ತಿದ್ದ. ನಡೆದೇ ಬರಬಹುದಿತ್ತು. ಆದರೆ ಏಪ್ರಿಲ್‌ನಲ್ಲಿ ನದಿಯ ಮೇಲೆ ನಡೆದವನು ಮುಳುಗಬೇಕು. ಮುಳುಗದಿದ್ದರೆ ಅಪರಾಧ.

ಬೇಕರಿಯವಳು ಬಾಣಂತಿ. ಮಗುವಿನ ತೊಟ್ಟಿಲನ್ನು ಒಲೆಯ ಪಕ್ಕದಲ್ಲೇ ತೂಗುಹಾಕಿದ್ದಳು. ಬ್ರೆಡ್ಡಿನ ಜೊತೆ ಮಗುವೂ ಕೆಂಪಗೆ, ಉಬ್ಬಿಕೊಂಡು ಮಲಗಿರುತ್ತಿತ್ತು.

ಹಿಮ ಬಿದ್ದ ಮರುದಿನದಿಂದ ಬೇಕರಿಯ ಮುಂದೆ ಸಾಲು ಬೆಳೆಯಿತು. ಬೆಳಗಿನಿಂದ ಸಂಜೆವರೆಗೆ ಕರಗದ ಸಾಲು. ಬಂದವರು ಬ್ರೆಡ್ಡು ಕೊಟ್ಟರೂ ಹೋಗುತ್ತಿರಲಿಲ್ಲ.

“ಏನ್ ಹಸಿವಪ್ಪಾ ಈ ವರ್ಷ!” ಎಂದ ಒಬ್ಬ, ಅಂಗೈ ಉಜ್ಜುತ್ತಾ.

“ಅಯ್ಯೋ, ಕೇಳ್ಬೇಡಿ. ಹಸಿವಿಗೆ ನನ್ನ ಹಲ್ಲೆಲ್ಲ ಕಟಕಟ ಅಂತಿವೆ.”

“ನಮ್ಮತ್ತೆಗೆ ಹಸಿವಿನಿಂದ ಬೆರಳೆಲ್ಲ ನೀಲಿಯಾಗಿದೆ. ಕಂಬಳಿ ಹೊದ್ದಿಸಿದೆ, ಸ್ವಲ್ಪ ಹಸಿವು ಇಳೀತು.”

“ಏನ್ ಬೇಕು ನಿಮಗೆ?” ಬೇಕರಿಯವಳು ಕೇಳಿದಳು.

“ಒಂದು ಬ್ರೆಡ್ಡು. ಅವಸರ ಇಲ್ಲಮ್ಮ. ನಿಧಾನವಾಗಿ ಕೊಡು.”

“ಬೆಳಿಗ್ಗೆ ಎರಡು ತಗೊಂಡ್ರಲ್ಲ, ತಿಂದಾಯ್ತಾ?”

“ಎಲ್ಲಿ ತಿನ್ನೋದು? ಈ ಹಸಿವಿಗೆ ಬಾಯೇ ತೆರೆಯೋಕಾಗಲ್ಲ.”

ಬೇಕರಿಯವಳು ನಗು ತಡೆದುಕೊಂಡು ಒಲೆಯ ಬಾಗಿಲನ್ನು ಇನ್ನಷ್ಟು ಅಗಲ ತೆರೆದಿಡುತ್ತಿದ್ದಳು. ಆಗ ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದು, ಕಣ್ಣು ಮುಚ್ಚಿ, ಪರಿಮಳ ಚೆನ್ನಾಗಿದೆ ಎನ್ನುತ್ತಿದ್ದರು.

ಹೀಗೆ ನಡೆದುಹೋಗಬಹುದಿತ್ತು. ಸುಳ್ಳಿನ ಮೇಲೆ ಊರುಗಳು ಚೆನ್ನಾಗಿಯೇ ನಡೆಯುತ್ತವೆ. ಆದರೆ ಅಧ್ಯಕ್ಷ ಒಳ್ಳೆಯವನು. ಸಾಲನ್ನು ನೋಡಿ ಅವನ ಮನಸ್ಸು ಕರಗಿತು. ಪಂಡಿತನನ್ನು ಕರೆದುಕೊಂಡು ಬಂದ.

“ಏನ್ರೀ ಇದು? ನಮ್ಮ ಊರಲ್ಲಿ ಇಷ್ಟೊಂದು ಹಸಿವು?”

ಪಂಡಿತ ಸಾಲಿನ ಉದ್ದಕ್ಕೂ ನಡೆದು ಮುಖಗಳನ್ನು ನೋಡಿದ. ನೀಲಿ ತುಟಿಗಳು, ನಡುಗುವ ಗಲ್ಲಗಳು. “ಹಸಿವಿನ ಲಕ್ಷಣಗಳೆಲ್ಲ ಇವೆ, ಅಧ್ಯಕ್ಷರೇ. ಏಪ್ರಿಲ್‌ನ ಹಸಿವಿನ ಬಗ್ಗೆ ಕಂಬ ಏನೂ ಹೇಳಿಲ್ಲ. ಆದ್ದರಿಂದ ಇದು ನಿಜವಿದ್ದರೂ ಇರಬಹುದು.”

ಅಧ್ಯಕ್ಷ ಬೇಕರಿಯೊಳಗೆ ಬಂದ. “ಎಷ್ಟು ಹಿಟ್ಟಿದೆಯಮ್ಮ?”

“ತಿಂಗಳ ಕೊನೆವರೆಗೂ ಎಳೀಬಹುದು, ಸ್ವಾಮಿ.”

“ಎಳೆಯೋದೇಕೆ? ಪೂರ್ತಿ ಈಗಲೇ ಬೇಯಿಸಿಬಿಡು. ಮನೆಮನೆಗೆ ನಾವೇ ತಲುಪಿಸ್ತೀವಿ. ಪಾಪ, ಜನ ಹಿಮದಲ್ಲಿ...” ಅವನು ನಾಲಿಗೆ ಕಚ್ಚಿಕೊಂಡ. “ಜನ ವಸಂತದಲ್ಲಿ ನಿಲ್ಲೋದು ಬೇಡ.”

“ಎಲ್ಲಾ ಒಂದೇ ಸಲ ಬೇಯಿಸಿದ್ರೆ ನಾಳೆ ಒಲೆಗೆ ಏನು ಹಾಕಲಿ?”

“ನಾಳೆ ಒಲೆ ಯಾಕಮ್ಮ? ಬ್ರೆಡ್ಡು ಇರುತ್ತಲ್ಲ.”

“ಮಗು ಇದೆ ಸ್ವಾಮಿ.”

“ಮಗು ಬ್ರೆಡ್ಡು ತಿನ್ನುತ್ತಾ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ಗೆ ಉತ್ತರವಿತ್ತು. ಆ ಉತ್ತರ ಕೊಟ್ಟಿದ್ದ ಮುದುಕ ಚೌಕದ ಬೆಂಚಿನ ಮೇಲೆ ಕೂತಿದ್ದ. ಬೇಕರಿಯವಳು ಹಿಟ್ಟಿನ ಮೂಟೆ ಬಿಚ್ಚಿದಳು.

ಹಿಟ್ಟೆಲ್ಲ ಬ್ರೆಡ್ಡಾಯಿತು. ಪುರಸಭೆಯ ಗಾಡಿ ಪ್ರತಿ ಮನೆಯ ಬಾಗಿಲಿಗೂ ಬ್ರೆಡ್ಡು ಹಾಕಿ ಬಂತು. ಹಿಟ್ಟಿಲ್ಲದ ಒಲೆ ಹೊಟ್ಟೆಗೆ ಸೇರಿದ್ದಲ್ಲ, ಹವೆಗೆ ಸೇರಿದ್ದು ಎಂದು ಪಂಡಿತ ಹೊಸದಾಗಿ ವಿಂಗಡಿಸಿದ. ಅಧ್ಯಕ್ಷ ಅರಗು ಸುರಿದು ಉಂಗುರ ಒತ್ತಿದ. ಉಳಿದಿದ್ದ ಸೌದೆ ಉಗ್ರಾಣಕ್ಕೆ ಹೋಯಿತು. ಊರಿನಲ್ಲಿ ಬ್ರೆಡ್ಡು ತುಂಬಿತು, ಬೆಂಕಿ ಮುಗಿಯಿತು. ಅಧ್ಯಕ್ಷ ಅಂದು ಬಹಳ ತೃಪ್ತಿಯಿಂದ ಮಲಗಿದ.

ಬೆಳಿಗ್ಗೆ ಬೇಕರಿಯ ಮುಂದೆ ಮತ್ತೆ ಅದೇ ಸಾಲು. ಎಲ್ಲರ ಕಂಕುಳಲ್ಲೂ ಬ್ರೆಡ್ಡು, ಕಲ್ಲಿನಂತೆ ಗಟ್ಟಿಯಾದ ಬ್ರೆಡ್ಡು. ತಣ್ಣನೆಯ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಲು ಅವರ ಬಳಿ ಮಾತಿರಲಿಲ್ಲ. ಇದ್ದ ಮಾತಿಗೆ ಬ್ರೆಡ್ಡು ಕೊಟ್ಟಾಗಿತ್ತು.

ಒಳಗೆ ಬೇಕರಿಯವಳು ಮಗುವಿನ ಪಾದಗಳನ್ನು ಬಾಯಿಯ ಉಸಿರಿನಲ್ಲಿ ಕಾಯಿಸುತ್ತಿದ್ದಳು. ಒಂದು ಪಾದ ಬೆಚ್ಚಗಾಗುವಷ್ಟರಲ್ಲಿ ಇನ್ನೊಂದು ತಣ್ಣಗಾಗುತ್ತಿತ್ತು. ಆ ಪಾದಕ್ಕೆ ಹೋದರೆ ಈ ಪಾದ. ಭಾನುವಾರದ ಹೊತ್ತಿಗೆ ಮಗು ಹಾಲು ಎಳೆಯುವುದನ್ನು ಬಿಟ್ಟಿತು. ಅವಳು ಅದನ್ನು ಎತ್ತಿಕೊಂಡು ಚೌಕಕ್ಕೆ ಹೋದಳು. ಚರ್ಚು ಬಿಟ್ಟು ಜನ ಕಂಬದ ಸುತ್ತ ನಿಂತಿದ್ದರು.

“ಅಧ್ಯಕ್ಷರೇ, ಮಗುವಿಗೆ ಚಳಿಯಾಗಿದೆ.”

ಯಾರೋ ಕೆಮ್ಮಿದರು. ಪಂಡಿತ ಮೆಲ್ಲಗೆ, ತಿದ್ದುವ ದನಿಯಲ್ಲಿ ಹೇಳಿದ: “ವ್ಯಾಕರಣ ತಪ್ಪಿತಮ್ಮ. ಊರಿಗೆ ಚಳಿಯಾಗಬಹುದು. ಮಗುವಿಗೆ ಆಗೋದು ಹೇಗೆ? ಮಗು ಊರಲ್ಲವಲ್ಲ. ‘ಮಗುವಿಗೆ ಹಸಿವು’ ಅನ್ನು, ಬೇಕಾದರೆ.”

“ಹಸಿವಲ್ಲ. ಚಳಿ. ಮುಟ್ಟಿ ನೋಡಿ, ಅಷ್ಟೇ ಸಾಕು.”

ಅವಳು ಮಗುವನ್ನು ಅಧ್ಯಕ್ಷನ ಕೈಗೆ ಕೊಟ್ಟಳು.

ಅಧ್ಯಕ್ಷ ಮೋಸಗಾರನಲ್ಲ. ಬಟ್ಟೆ ಸರಿಸಿ, ಮಗುವಿನ ಎದೆಯ ಮೇಲೆ ಅಂಗೈ ಇಟ್ಟು, ನಿಜಕ್ಕೂ ಗಮನ ಕೊಟ್ಟು ನೋಡಿದ. ಅವನ ಅಂಗೈ ಹಿಮದಂತಿತ್ತು. ಅವನ ಮುಖ ಅರಳಿತು.

“ಅರೆ! ಬೆಚ್ಚಗಿದೆಯಲ್ಲಮ್ಮ!”

“ನಿಮ್ಮ ಕೈ ತಣ್ಣಗಿದೆ, ಸ್ವಾಮಿ.”

“ನನ್ನ ಕೈ ವಿಷಯ ಅಲ್ಲ ಈಗ ಮಾತು. ಮಗು ಬೆಚ್ಚಗಿದೆ. ಇಲ್ಲಿ ನೋಡ್ರೀ.”

ಪಂಡಿತ ಎತ್ತಿಕೊಂಡ. ಮುಟ್ಟಿದ. “ಬೆಚ್ಚಗಿದೆ.” ಕೊಡುವಾಗ ಸ್ವಲ್ಪ ತಡೆದ. ಅಂಬಿಗ ಎತ್ತಿಕೊಂಡ, ಕೆನ್ನೆಗೆ ಒತ್ತಿಕೊಂಡ. “ಬೆಚ್ಚಗಿದೆ.” ಅತ್ತೆಯ ಬೆರಳು ನೀಲಿಯಾಗಿದ್ದ ಹೆಂಗಸು ಮಗುವಿನ ಬೆನ್ನಿನ ಕೆಳಗೆ ಎರಡೂ ಕೈ ತೂರಿಸಿದಳು. “ಬೆಚ್ಚಗಿದೆ, ಬೆಚ್ಚಗಿದೆ.” ಮಗು ಕೈಯಿಂದ ಕೈಗೆ ಹೋಯಿತು. ಅದು ಆ ಊರಿನಲ್ಲಿ ಉಳಿದಿದ್ದ ಕಟ್ಟಕಡೆಯ ಬಿಸಿ. ಮುಟ್ಟಿದವರು ನಿಜ ಹೇಳಿದರು. ನಿಜ ಹೇಳುತ್ತಾ ಇನ್ನಷ್ಟು ಹೊತ್ತು ಇಟ್ಟುಕೊಂಡರು.

“ಕೊಡಿ ಇಲ್ಲಿ!” ಬೇಕರಿಯವಳು ಸುತ್ತಿನ ಹೊರಗೆ ಓಡುತ್ತಿದ್ದಳು.

“ತಾಳಮ್ಮ, ನಾನಿನ್ನೂ ನೋಡಿಲ್ಲ.”

“ಎಷ್ಟು ಚೆನ್ನಾಗಿದೆ ನಿನ್ನ ಮಗು! ಕಣ್ಣಾಗುತ್ತೆ, ಅವಸರ ಮಾಡ್ಬೇಡ.”

“ಹಿಂದಿನವರಿಗೂ ಸಿಗಲಿ ಕಣ್ರೀ, ಮುಂದಕ್ಕೆ ಕೊಡಿ.”

ಮಗುವಿನ ಅಳು ಮೊದಲು ಚೌಕದ ಆ ಕಡೆಯಿಂದ ಕೇಳಿಸಿತು, ಆಮೇಲೆ ಈ ಕಡೆಯಿಂದ, ಪ್ರತಿ ಸಲವೂ ಸ್ವಲ್ಪ ಸಣ್ಣಗೆ. ಸುತ್ತು ಮುಗಿಸಿ ಮಗು ಮತ್ತೆ ಅಧ್ಯಕ್ಷನ ಕೈಗೆ ಬಂದಾಗ ಅಳು ನಿಂತಿತ್ತು. ಅವನು ಮತ್ತೊಮ್ಮೆ ಎದೆಯ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟ.

“ಈಗ ಬೆಚ್ಚಗೂ ಇಲ್ಲ, ತಣ್ಣಗೂ ಇಲ್ಲ. ಸರಿಯಾಗಿ ನನ್ನ ಕೈಯಷ್ಟೇ ಇದೆ.”

“ಸರಾಸರಿಗೆ ಬಂತು,” ಎಂದ ಪಂಡಿತ, ಸಮಾಧಾನದಿಂದ.

“ಹಾಗೇ ಇದೆ,” ಎಂದರು ಜನ.

ಬೇಕರಿಯವಳು ಮಗುವನ್ನು ಕಿತ್ತುಕೊಂಡಳು. ರವಿಕೆಯೊಳಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟುಕೊಂಡು ಬೇಕರಿಗೆ ಓಡಿದಳು. ಬ್ರೆಡ್ಡು ಹೊರಗೆಳೆಯುವ ಉದ್ದ ಹಿಡಿಯ ಹಲಗೆಯಿಂದ ಒಲೆಯ ಬಾಗಿಲಿಗೆ ಒಂದೇ ಏಟು. ಅಧ್ಯಕ್ಷನ ಉಂಗುರದ ಗುರುತು ಚೂರಾಗಿ ನೆಲಕ್ಕೆ ಬಿತ್ತು. ಸೌದೆ ಇರಲಿಲ್ಲ. ಕಪಾಟಿನ ತುಂಬ ಹಂಚಿ ಉಳಿದ ಬ್ರೆಡ್ಡಿತ್ತು, ಒಣಗಿ ಕಟ್ಟಿಗೆಯಾದ ಬ್ರೆಡ್ಡು. ಅದನ್ನೇ ಅಡುಕಿದಳು. ತನ್ನ ಏಪ್ರನ್ ಹರಿದು ಕಡ್ಡಿ ಗೀರಿದಳು. ಮೊದಲು ಹೊಗೆ, ಆಮೇಲೆ ಸಣ್ಣ ನೀಲಿ ಉರಿ, ಆಮೇಲೆ ಕೆಂಪು. ಒಲೆಗೆ ಬೆನ್ನು ಕೊಟ್ಟು, ಆಮೇಲೆ ಎದೆ ಕೊಟ್ಟು, ಮತ್ತೆ ಬೆನ್ನು ಕೊಟ್ಟು ತಿರುಗುತ್ತಾ ನಿಂತಳು. ತಾನೇ ಒಂದು ಬ್ರೆಡ್ಡಾದಂತೆ ತಿರುಗಿದಳು. ರವಿಕೆಯೊಳಗೆ ಅಲುಗಾಟವಿರಲಿಲ್ಲ.

“ಅಳು,” ಎಂದಳು. “ಅಳು ಮಗನೇ. ಬೈಯಿ ನನ್ನ. ಏನಾದ್ರೂ ಅನ್ನು.”

ಸುಟ್ಟ ಬ್ರೆಡ್ಡಿನ ವಾಸನೆ ಊರಿನ ಮೇಲೆ ಹರಡಿತು. ಅದು ನದಿಯನ್ನೂ ದಾಟಿತು. ಆಚೆ ದಡದಲ್ಲಿ ಗಂಡ ಮೂಗರಳಿಸಿದ. ತನ್ನ ಹೆಂಡತಿ ಒಂದು ದಿನವೂ ಬ್ರೆಡ್ಡು ಸುಟ್ಟವಳಲ್ಲ. ಅವನು ಒಂದು ಮೂಟೆ ಹೆಗಲಿಗೇರಿಸಿ ನದಿಯ ಮೇಲೆ ಕಾಲಿಟ್ಟ. ಚೌಕದಿಂದ ದೋಣಿಗೆ ಮರಳಿದ್ದ ಅಂಬಿಗ ಕೂಗಿದ: “ಮುಳುಗ್ತೀಯ ಕಣೋ! ಏಪ್ರಿಲ್ ಇದು, ಮುಳುಗ್ತೀಯ!” ಗಂಡ ದೋಣಿಯ ಪಕ್ಕದಲ್ಲೇ ನಡೆದುಹೋದ. ಅಂಬಿಗ ಅವನ ಜೊತೆ ಜೊತೆಗೇ ಜೋರಾಗಿ ಹುಟ್ಟು ಹಾಕಿದ, ಇದ್ದಲ್ಲೇ ಉಳಿದ.

ಗಂಡ ಬಾಗಿಲು ತಳ್ಳಿ ಒಳಗೆ ಬಂದಾಗ ಹೆಂಡತಿ ಇನ್ನೂ ತಿರುಗುತ್ತಿದ್ದಳು. ಅವನು ಮೂಟೆ ಕೆಳಗೆ ಹಾಕಿದ. ಧೊಪ್ಪೆಂದ ಸದ್ದಿಗೆ ರವಿಕೆಯೊಳಗಿನಿಂದ ಒಂದು ಎಳೆ ಅಳು ಬಂತು. ನೂಲಿನಷ್ಟು ಸಣ್ಣದು. ಆಮೇಲೆ ಹಗ್ಗದಷ್ಟು. ಆಮೇಲೆ ಚೌಕದವರೆಗೂ ಕೇಳುವಷ್ಟು. ಮಗುವಿಗೆ ಬಹಳ ಕೋಪ ಬಂದಿತ್ತು.

ಅಷ್ಟರಲ್ಲಿ ಜನ ಬಂದಿದ್ದರು. ಕಂಕುಳಲ್ಲಿ ಬ್ರೆಡ್ಡು ಹಿಡಿದುಕೊಂಡೇ. ಬೇಕರಿಯವಳು ಹಲಗೆಯನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಳು.

“ಏನು?”

“ಹಸಿವು,” ಎಂದ ಮುಂದಿನವನು.

“ಕಂಕುಳಲ್ಲಿ ಏನದು?”

ಅವನು ತನ್ನ ಬ್ರೆಡ್ಡನ್ನು ನೋಡಿಕೊಂಡ. ಹಿಂದಕ್ಕೆ ಸರಿದ. ಆಗ ಗುಂಪನ್ನು ಸೀಳಿಕೊಂಡು ಬೆಂಚಿನ ಮುದುಕ ಬಂದ. ಅವನನ್ನು ಯಾರೂ ನೋಡುವಂತಿರಲಿಲ್ಲ, ಆದರೆ ದಾರಿ ಬಿಟ್ಟರು. ಅವನಿಗೆ ಕಳೆದುಕೊಳ್ಳಲು ಸರಾಸರಿ ಉಳಿದಿರಲಿಲ್ಲ.

“ನನಗೆ ಚಳಿ ಕಣಮ್ಮ,” ಎಂದ. “ನಾಲ್ಕು ಚಳಿಗಾಲದಿಂದ.”

ಹಲಗೆ ಮೇಲೆದ್ದಿತು. ಮುದುಕ ಒಳಗೆ ಹೋದ. ಹಲಗೆ ಇಳಿಯಿತು.

“ನಮ್ಮತ್ತೆಗೆ ಚಳಿ,” ಎಂದಳು ನೀಲಿ ಬೆರಳಿನ ಅತ್ತೆಯ ಸೊಸೆ, ಪಂಡಿತನ ಕಡೆ ನೋಡದೆ.

“ನಿನಗೆ?”

ಹೆಂಗಸು ಅತ್ತೆಯ ಕೈ ಹಿಡಿದಳು. “ನನಗೂ.”

“ಪೂರ್ತಿ ಹೇಳು.”

“ನನಗೂ ಚಳಿ ಕಣೇ! ಸತ್ತುಹೋಗ್ತೀನಿ ಚಳಿಗೆ!” ಎಂದು ಕಿರುಚಿ, ಕಿರುಚಿದ್ದಕ್ಕೆ ತಾನೇ ಬೆಚ್ಚಿ, ಅತ್ತೆಯನ್ನು ಎಳೆದುಕೊಂಡು ನುಗ್ಗಿದಳು.

ಆಮೇಲೆ ತಡೆಯಿಲ್ಲ. ನನಗೆ ಚಳಿ, ನನಗೆ ಚಳಿ, ನನಗೆ ಕಾಲು ಮಾತ್ರ ಚಳಿ, ನನಗೆ ಬೆನ್ನಿಗೆ. ಹೇಳಿದವರು ತಮ್ಮ ಬ್ರೆಡ್ಡನ್ನು ಒಲೆಗೆಸೆದು ಗೋಡೆಗೊರಗಿ ಕೂತರು. ಆ ಅತ್ತೆಯೇ ಸ್ವಲ್ಪ ಹೊತ್ತಿನಲ್ಲಿ, “ಇಲ್ಲಿ ನನಗೆ ಸೆಕೆ, ಆ ಕಿಟಕಿ ತೆಗೀರಿ,” ಎಂದಳು. “ತೆಗೆದ್ರೆ ಕೈ ಮುರೀತೀನಿ,” ಎಂದ ಮುದುಕ. ಬಹಳ ವರ್ಷಗಳ ನಂತರ ಊರಿನಲ್ಲಿ ಕಿಟಕಿಗಾಗಿ ಜಗಳ ಶುರುವಾಯಿತು.

ಹೊರಗೆ ಇಬ್ಬರು ಉಳಿದರು. ಪಂಡಿತ ಮುಂದೆ ಬಂದ, ಗಂಟಲು ಸರಿಮಾಡಿಕೊಂಡ.

“ಊರಿಗೆ ಚಳಿಯಾಗಿದೆ.”

“ಹಾಗಾದ್ರೆ ಊರನ್ನ ಕಳಿಸಿ,” ಎಂದಳು ಬೇಕರಿಯವಳು. “ನೀವ್ಯಾಕೆ ಬಂದ್ರಿ?”

ಪಂಡಿತ ಸ್ವಲ್ಪ ಯೋಚಿಸಿದ. ವಾದದಲ್ಲಿ ತಪ್ಪು ಸಿಗಲಿಲ್ಲ. ತಿರುಗಿ ಕಂಬದ ಹತ್ತಿರ ಹೋಗಿ, ಗಾಳಿಗೆ ಮರೆಯಾಗಿ ಅದರ ಹಿಂದೆ ನಿಂತ. ಕಂಬ ಕೆಲಸಕ್ಕೆ ಬಂದದ್ದು ಅದೊಂದು ಸಲ.

ಅಧ್ಯಕ್ಷ ಬಾಗಿಲಲ್ಲಿ ನಿಂತ. ಅರಗಿನ ಕೆಂಪು ಚೂರುಗಳು ಹೊಸಿಲಿನವರೆಗೂ ಸಿಡಿದಿದ್ದವು. ಅವನು ಅವುಗಳನ್ನು ನೋಡಿದ, ಬೆಂಕಿಯನ್ನು ನೋಡಿದ, ಬಾಯಿ ತೆರೆದ.

“ನ... ನ... ನ... ನ...”

ಎಲ್ಲರೂ ಕಿವಿಗೊಟ್ಟರು. ಅದು ಹಲ್ಲು ನಡುಗುವ ಸದ್ದೋ, ‘ನನಗೆ’ ಎಂಬ ಮಾತಿನ ಆರಂಭವೋ ಎಂಬ ಬಗ್ಗೆ ಆ ಊರಿನಲ್ಲಿ ಇವತ್ತಿಗೂ ಎರಡು ಪಂಗಡಗಳಿವೆ. ಬೇಕರಿಯವಳಿಗೆ ಪಂಗಡ ಇರಲಿಲ್ಲ.

“ಸಾಕು, ಬನ್ನಿ ಒಳಗೆ,” ಎಂದು ಹಲಗೆ ಎತ್ತಿದಳು. “ಬಾಗಿಲು ತೆಗೆದಿದ್ರೆ ಗಾಳಿ ಬರುತ್ತೆ.”

ಮೇ ತಿಂಗಳು ಬಂತು. ಅದು ಹೇಗೂ ಬರುತ್ತದೆ. ನದಿ ಕರಗಿತು, ಅಂಬಿಗ ಹುಟ್ಟು ಹಾಕಿದ ಮೊದಲ ಏಟಿಗೇ ದೋಣಿ ಚಲಿಸಿ ಅವನು ಅಂಗಾತ ಬಿದ್ದ. ಗಂಟೆ ಹೊಡೆಯಿತು. ಜನ ಕಂಬದ ಸುತ್ತ ಸೇರಿದರು. ಪಂಡಿತ ಮೇ ಓದುವ ಮೊದಲು ಏಪ್ರಿಲ್ ಬಗ್ಗೆ ಎರಡು ಮಾತು ಹೇಳಿದ. ಕೆಲವರು ಕಂಬದ ಮೇಲೆ ಅನುಮಾನ ಪಟ್ಟರು. ಆದರೆ ಚೌಕದಲ್ಲಿ ನೀರು ಕಲ್ಲಾಗಿತ್ತು, ಬೇಕರಿಯಲ್ಲಿ ಜನ ಬೆವರಿದ್ದರು. ಎರಡನ್ನೂ ಕೂಡಿಸಿ ಭಾಗಿಸಿದರೆ ಸರಿಯಾಗಿ ಹನ್ನೊಂದು, ಎಂದ.

ಒಳಗೆ ಕೂತು ಬೆವರಿದ್ದವರೇ ಹೇಳಿದರು: “ಹಾಗೇ ಇದೆ.”

ಬೇಕರಿಯವಳು ಹಿಂದೆ ನಿಂತಿದ್ದಳು, ಸೊಂಟದ ಮೇಲೆ ಮಗು. ಅದು ಮತ್ತೆ ಕೆಂಪಗೆ ಉಬ್ಬಿತ್ತು. ಅಧ್ಯಕ್ಷ ಸಂತೋಷದಿಂದ ಹತ್ತಿರ ಬಂದು, ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. “ಕೈ ಬೆಚ್ಚಗಿದೆಯಾ ಸ್ವಾಮಿ? ಬೆಚ್ಚಗಿದ್ರೆ ಮಾತ್ರ ಕೊಡ್ತೀನಿ.”

ಕೈ ಬೆಚ್ಚಗಿದೆಯೋ ಇಲ್ಲವೋ ತಿಳಿಯಲು ಅಧ್ಯಕ್ಷ ಕಂಬದ ಕಡೆ ತಿರುಗಿ ನೋಡಿದ.